ಕೆಂಪು ಬಣ್ಣದ ನೀರು

ಮಂಕಿಯಿಂದ

ವನಮಾಲಾ ಅತ್ತಿಗೆಗೆ ಮಾಲಿನಿಯ ನಮಸ್ಕಾರ.

ಫೋನಿನಲ್ಲಿ ನೀವು ಅಳುತ್ತಿದ್ದಿರಿ, ನನಗೆ ಮಾತಾಡಲು ಆಗಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ. ಗಂಟಲು ಸುಟ್ಟಿರುವುದರಿಂದ ಗಂಜಿಯ ತಿಳಿ ಮಾತ್ರ ಇಳಿಯುತ್ತದೆ.

ಅವರ ಮರೆವು ನಿಮಗೆ ಗೊತ್ತೇ ಇದೆ. ಆ ದಿನ ಗಿರಾಕಿಗಳ ಸೀರೆ ಅದ್ದಲು ಕಾಸ್ಟಿಕ್ ಸೋಡಾ ಹಾಕಿದ ಕೆಂಪು ಬಣ್ಣ ಕಲಸಿಟ್ಟಿದ್ದೆ. ಅಷ್ಟರಲ್ಲಿ ಅವರು ಹಾಸಿಗೆ ಒದ್ದೆ ಮಾಡಿಕೊಂಡರು. ಅದನ್ನು ತೊಳೆಯಲು ಬಾವಿಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಬಣ್ಣದ ನೀರನ್ನು ಕೆಂಪು ಮುರುಗಲ ಹಣ್ಣಿನ ಪಾನಕವೆಂದು ಕುಡಿದಿದ್ದರು. "ಮುರುಗಲ ಪಾನಕಕ್ಕೆ ಬೆಲ್ಲ ಹಾಕ್ಲಿಲ್ಲ ಎಂತಕೆ?" ಎಂದು ನನ್ನನ್ನೇ ಕೇಳಿದರು.

ನಿಮ್ಮ ತಮ್ಮ ಬಣ್ಣವನ್ನೆಲ್ಲ ತೆಂಗಿನ ಬುಡಕ್ಕೆ ಸುರಿದು, "ಇದೆಲ್ಲ ಸಾಕು, ಇನ್ನು ಮನೆ ನೋಡ್ಕೋ" ಎಂದರು. ನೀವೂ ಅದನ್ನೇ ಹೇಳಿದಿರಿ. ಅತ್ತೆಯನ್ನು ಒಂದು ದಿನ ತಾನು ನೋಡಿಕೊಳ್ಳುತ್ತೇನೆ ಎಂದು ಯಾರೂ ಹೇಳಲಿಲ್ಲ.

ಕುಮಟೆಯಿಂದ ವಾರಕ್ಕೆ ಎರಡು ದಿನ ಬಂದು ನಿಮ್ಮ ಅಮ್ಮನ ಬಳಿ ಕೂರುತ್ತೀರಾ? ಆ ದಿನಗಳಲ್ಲಿ ಮಾತ್ರ ಪಕ್ಕದ ಮನೆ ಮಾಸ್ತಮ್ಮನ ಅಂಗಳದಲ್ಲಿ ಕೆಲಸ ಮಾಡುತ್ತೇನೆ. ಬಣ್ಣ ಮನೆಯೊಳಗೆ ತರುವುದಿಲ್ಲ. ಆಗದಿದ್ದರೆ ಆಗದೆಂದೇ ತಿಳಿಸಿ. ಬಣ್ಣದ ಪಾತ್ರೆಗಳನ್ನು ಅವಳಿಗೇ ಕೊಟ್ಟುಬಿಡುತ್ತೇನೆ, ಮತ್ತೆ ಕೇಳುವುದಿಲ್ಲ.

ಅತ್ತೆ ಈಗ ನನ್ನನ್ನು ವನಮಾಲಾ ಎಂದೇ ಕರೆಯುತ್ತಾರೆ. ನಾನು ಓಗೊಡುತ್ತೇನೆ.

ನಿಮ್ಮ,
ಮಾಲಿನಿ