ಒಂದು ಭುಜ ತಗ್ಗಿಸಿ ಕುಳಿತ ಪೈಲಟ್

ಬೈಲಹೊಂಗಲ
೬ ನವೆಂಬರ್ ೨೦೨೪

ಪ್ರೀತಿಯ ಆಯಿಗೆ, ಮೊಮ್ಮಗಳು ರೇಣುವಿನ ಜೈಭೀಮ್.

ಹೇಗಿದ್ದೀ? ಮೊಣಕಾಲು ನೋವು ಇಳಿಯಿತೇ? ಅದಕ್ಕಿಂತ ಮುಖ್ಯವಾಗಿ, ಹಲ್ಲು ಹೇಗಿವೆ? ನಾನು ಕೈಯಾರೆ ಮಾಡಿಕೊಟ್ಟ ಸೆಟ್ಟನ್ನು ಡಬ್ಬಿಯಲ್ಲಿಟ್ಟು ವಸಡಿನಲ್ಲೇ ರೊಟ್ಟಿ ಅಗಿಯುತ್ತೀ ಎಂದು ರಾಮದುರ್ಗದ ಅತ್ತೆಯ ಮನೆಯಿಂದ ಸುದ್ದಿ ಬಂದಿದೆ. ರಾಣಿ, ಆಯಿಗೆ ಇದನ್ನು ಓದಿ ಹೇಳುವವಳು ನೀನೇ, ಆ ಸಾಲನ್ನು ಎರಡು ಸಲ ಓದು. ಬಾಣಂತಿಯೆಂದು ನಿನಗೆ ವಿನಾಯಿತಿ ಇಲ್ಲ. ಕೂಸಿಗೆ ನನ್ನ ಮುತ್ತು. ಫೋನಿನಲ್ಲೇ ಹೇಳೋಣವೆಂದರೆ ಆಯಿ "ಉಂಡಿಯೇನ್ ಬೇ?" ಎಂದು ಕೇಳಿ, ಉತ್ತರ ಬರುವ ಮೊದಲೇ ಸುಂದರವ್ವತ್ತೆಯ ಕೈಗೆ ಕೊಟ್ಟುಬಿಡುತ್ತಾಳೆ. ಇದು ಅಷ್ಟರಲ್ಲಿ ಮುಗಿಯುವ ಮಾತಲ್ಲ.

ಆಯಿ, ನಾನು ಒಂದು ವಿಮಾನಕ್ಕೆ ಪೈಲಟ್ ಮಾಡಿದ್ದೇನೆ. ಗಾಬರಿಯಾಗಬೇಡ, ವಿಮಾನ ನೀನು ಮಲಗುವ ಹೊರಸಿಗಿಂತ ಸ್ವಲ್ಪ ಉದ್ದ, ಅಷ್ಟೇ. ಕಿತ್ತೂರಿನ ಸುನೀಲ ಸರ್ ಹಳೆಯ ಕಾಲದ ಯುದ್ಧವಿಮಾನವೊಂದರ ಕಾಲು ಅಳತೆಯ ಮಾದರಿ ಕಟ್ಟಿದ್ದಾರೆ. ನೆಲದ ಮೇಲೆ ನಿಂತು ರೇಡಿಯೊದಿಂದ ಹಾರಿಸುತ್ತಾರೆ. ತಾಯಿಯ ಹಲ್ಲಿನ ಸೆಟ್ಟಿಗೆಂದು ನಮ್ಮ ಲ್ಯಾಬಿಗೆ ಬಂದವರು ನನ್ನ ಮೇಣದ ಕೆಲಸ ನೋಡಿ, ಸೀಟಿನಲ್ಲಿ ಕೂರಿಸಲು ಒಂದು ಗೇಣಿನ ಮನುಷ್ಯನನ್ನು ಮಾಡಿಕೊಡು ಎಂದರು. ಒಳಗೆ ಟೊಳ್ಳಿರಬೇಕು, ನೂರು ಗ್ರಾಂ ದಾಟಬಾರದು, ಹತ್ತು ಅಡಿ ದೂರದಿಂದ ನೋಡಿದರೆ ಉಸಿರಾಡುವಂತೆ ಕಾಣಬೇಕು. ಹದಿನೇಳರ ಭಾನುವಾರ ಸ್ಪರ್ಧೆ. ಪೈಲಟ್ ಇಲ್ಲದ ವಿಮಾನಕ್ಕೆ ಅಂಕ ಕಡಿಮೆಯಂತೆ.

ಮೊದಲನೆಯದನ್ನು ಮಾಡಿದಾಗ ನನಗೆ ಬಹಳ ಜಂಬವಿತ್ತು. ಮೇಣದಲ್ಲಿ ಕೆತ್ತಿ, ಪ್ಲಾಸ್ಟರಿನ ಅಚ್ಚು ತೆಗೆದು, ಒಳಗೆ ಒಣಗಿದರೆ ಗಟ್ಟಿಯಾಗುವ ರೆಸಿನ್ ತೆಳುವಾಗಿ ಬಳಿದು, ಕಣ್ಣು ಬೆಳ್ಳಗೆ, ತುಟಿ ಕೆಂಪಗೆ ಮಾಡಿದ್ದೆ. ಸುನೀಲ ಸರ್ ತಿರುಗಿಸಿ ನೋಡಿ ನಕ್ಕುಬಿಟ್ಟರು. "ಹಲ್ಲಿನ ಸೆಟ್ ಮಾಡಿದಂಗ ಮಾಡಿಯಲ್ಲವಾ! ಎಡಕ್ಕೆಷ್ಟೋ ಬಲಕ್ಕಷ್ಟ. ಇಂವಾ ವಿಮಾನ ನಡಸಾಕ ಹತ್ತಿಲ್ಲ, ಲಗ್ನದ ಫೋಟೋಕ್ಕ ಕುಂತಾನ." ಮೂರು ವರ್ಷದಿಂದ ಎರಡೂ ಬದಿ ಸಮ ಮಾಡುವುದನ್ನೇ ಕಲಿತ ಕೈ, ಏನು ಮಾಡಲಿ? ಎರಡು ದಿನ ಸಿಟ್ಟಿನಲ್ಲಿ ಊಟ ರುಚಿಸಲಿಲ್ಲ. ಏನನ್ನಾದರೂ ನಡೆಸುವವರು ನಿಜವಾಗಿ ಹೇಗೆ ಕುಳಿತಿರುತ್ತಾರೆ ಎಂದು ಯೋಚಿಸುತ್ತಿದ್ದಾಗ ನೀನು ನೆನಪಾದೆ.

ಆಗ ನನಗೆ ಆರು ವರ್ಷ. ನೀನು ಚಕ್ಕಡಿ ಹೊಡೆಯುತ್ತಿದ್ದೆ, ನಾನು ಹಿಂದೆ ಜೋಳದ ಕಣಿಕಿಯ ಹೊರೆಯ ಮೇಲೆ. ಊರ ಅಗಸಿಬಾಗಿಲ ಹತ್ತಿರ ಕಟ್ಟೆಯ ಮೇಲೆ ಕುಳಿತವರೊಬ್ಬರು ಕೂಗಿದರು: "ಏ ಲಗಮವ್ವ, ಇಲ್ಲಿ ನಿಮ್ಮ ಮಂದಿ ಇಳದು ನಡಿಯೂದು ಪದ್ಧತಿ ಐತಿ." ನೀನು ಅತ್ತ ತಿರುಗಲೂ ಇಲ್ಲ. "ನಾ ಇಳದರ ಎತ್ತು ನೀವು ಹೊಡೀತೀರೇನ್ರಿ?" ಎಂದೆ. ಕಟ್ಟೆಯ ಮೇಲಿದ್ದ ಇನ್ನೊಬ್ಬರು ನಕ್ಕರು, ಕೂಗಿದವರು ನಗಲಿಲ್ಲ. ಚಕ್ಕಡಿ ನಿಲ್ಲದೆ ದಾಟಿಹೋಯಿತು. ಹಗ್ಗ ಹಿಡಿದ ಎಡಭುಜ ಬಲಭುಜಕ್ಕಿಂತ ನಾಲ್ಕು ಬೆರಳು ತಗ್ಗಿತ್ತು. ಬೆನ್ನು ಯಾವುದಕ್ಕೂ ಆನಿಸಿರಲಿಲ್ಲ. ದವಡೆ ಬಿಗಿದಿತ್ತು. ಸಮಾನತೆಯ ಬಗ್ಗೆ ನಾನು ಓದಿದ ಕಿರುಹೊತ್ತಿಗೆಗಳು ಒಂದು ಟ್ರಂಕು ತುಂಬಿವೆ ಆಯಿ. ಅವುಗಳಲ್ಲಿರುವುದನ್ನೆಲ್ಲ ನೀನು ಅವತ್ತು ಒಂದು ಅಕ್ಷರ ಓದದೆ, ಬರೀ ಕುಳಿತುಕೊಂಡೇ ಹೇಳಿದ್ದೆ.

ಹಾಗಾಗಿ ಎರಡನೆಯ ಪೈಲಟ್ ನೀನೇ. ನಿನ್ನ ದವಡೆಯ ಅಚ್ಚು ಲ್ಯಾಬಿನಲ್ಲಿತ್ತು, ಅದನ್ನೇ ನೋಡಿ ಚಿಕ್ಕದಾಗಿ ಕೆತ್ತಿದೆ, ಎಡಭುಜ ತಗ್ಗಿಸಿದೆ. ಬಣ್ಣದ ಡಬ್ಬಿಯ ಮೇಲೆ 'ಚರ್ಮದ ಬಣ್ಣ' ಎಂದಿತ್ತು, ತೆರೆದರೆ ಗುಲಾಬಿ! ಯಾರ ಚರ್ಮವೋ! ಮುಚ್ಚಿ ಬದಿಗಿಟ್ಟೆ. ಮೊದಲು ಕಾಫಿಬೀಜದಂಥ ಕಪ್ಪುಗಂದು ಬಳಿದು, ಕೆನ್ನೆ, ಮೂಗು, ಹಣೆಯ ಮೇಲೆ ಒಣಗಿದ ಬ್ರಷ್ಷಿನಿಂದ ತಿಳಿಗಂದು ಸವರಿದೆ. ಸುಕ್ಕುಗಳು ತಾವಾಗಿಯೇ ಎದ್ದು ಬಂದವು. ಕಣ್ಣಿಗೆ ಬಿಳಿ ಹಾಕಲಿಲ್ಲ, ಬಿಸಿಲಿಗೆ ಕಿರಿದಾದ ಕಣ್ಣಿನಲ್ಲಿ ಬಿಳಿ ಎಲ್ಲಿ ಕಾಣುತ್ತದೆ? ಹಳೆಯ ಪರ್ಸಿನ ಚರ್ಮದಿಂದ ಟೊಪ್ಪಿಗೆ, ವಾಚಿನ ಪಟ್ಟಿಯಿಂದ ಬೆಲ್ಟು. ಕೊನೆಗೆ ಗದ್ದದ ಮೇಲೆ ಸೂಜಿಮೊನೆಯಿಂದ ನಿನ್ನ ಮೂರು ಹಚ್ಚೆಚುಕ್ಕೆ. ತೂಗಿದರೆ ತೊಂಬತ್ತಾರು ಗ್ರಾಂ.

ನಿನ್ನೆ ಸುನೀಲ ಸರ್ ಬಂದರು. ಪೈಲಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. "ಈಗ ಹಾರಸಾಕ ಹತ್ಯಾಳ ನೋಡವಾ" ಎಂದರು. ಆಮೇಲೆ ಮೆಲ್ಲಗೆ, ಈ ವಿಮಾನ ನಡೆಸಿದವರೆಲ್ಲ ಗಂಡಸರು, ನಿರ್ಣಾಯಕರು ಅಂಕ ಕಳೆಯುತ್ತಾರೆ, ಚುಕ್ಕೆ ಅಳಿಸಿ ಒಂದು ಮೀಸೆ ಬರೆದುಬಿಡು ಎಂದರು. ನಾನು ಬಿಡುತ್ತೇನೆಯೇ? ಇದು ನಮ್ಮ ಆಯಿ ಎಂದು ಶುರುಮಾಡಿ ಹೊಲ, ಚಕ್ಕಡಿ, ಹೆಣ್ಣಿನ ದುಡಿಮೆ ಎಲ್ಲ ಸೇರಿಸಿ ಕಾಲು ಗಂಟೆ ಭಾಷಣ ಮಾಡಿದೆ. ಕೊನೆಗೆ ಸರ್ ಕೈ ಮುಗಿದು, "ಸಾಕು ಮಾಡ ತಾಯಿ, ಅಂಕ ಹೋದರ ಹೋಗವಲ್ದ್ಯಾಕ, ಆಕೀನ ಹಾರಸ್ಲಿ" ಎಂದರು. ನಾನು ಗೆದ್ದೆ ಆಯಿ!

ಅತ್ತೆಗೆ ನನ್ನ ನಮಸ್ಕಾರ ತಿಳಿಸು. ಕೂಸಿಗೆ ಎಣ್ಣೆ ತಿಕ್ಕುವಾಗ ನಿನ್ನ ಮೊಣಕಾಲಿಗೂ ಎರಡು ಹನಿ ಹಾಕಿಕೋ.

ನಿನ್ನ
ರೇಣು

ಮರೆತ ಮಾತು: ಮರೆತಿಲ್ಲ, ಹೇಳಲು ನಾಚಿಕೆ. ಬಾಗಿಲು ದಾಟುವಾಗ ಸುನೀಲ ಸರ್ ತಿರುಗಿ, "ಅಲ್ಲವಾ, ಆಯೀನ್ನ ಕೇಳೀಯೇನ?" ಎಂದರು. ಅಷ್ಟು ದೊಡ್ಡ ಭಾಷಣ ಮಾಡಿದವಳು ಅವರ ಕೈಯಿಂದ ಪೈಲಟನ್ನು ವಾಪಸು ಇಸಿದುಕೊಂಡೆ. ಕೇಳದೆ ನಿನ್ನ ಮುಖ ತೆಗೆದುಕೊಂಡಿದ್ದೇನೆ. ಪೈಲಟ್ ಇನ್ನೂ ನನ್ನ ಮೇಜಿನ ಮೇಲೇ ಇದೆ, ನೀನು ಹೇಳುವವರೆಗೆ ಕೊಡುವುದಿಲ್ಲ. ಬೇಡವೆಂದರೆ ಮುಖ ಅಳಿಸುತ್ತೇನೆ, ವಿಮಾನ ಖಾಲಿ ಹಾರಲಿ. ರಾಣಿ, ಹದಿನಾರರೊಳಗೆ ಫೋನ್ ಮಾಡಿಸು. ಆಯಿ ಹಲ್ಲಿನ ಸೆಟ್ಟು ಹಾಕಿಕೊಂಡೇ ಮಾತಾಡಲಿ. ಹೂಂ ಅಂದಳೋ ಒಲ್ಲೆ ಅಂದಳೋ ನನಗೆ ಸ್ಪಷ್ಟವಾಗಿ ಕೇಳಬೇಕು.