ಕಲಕದೆ ಬಿಟ್ಟ ನೀರು

ಬೇಗಂಪೇಟೆ, ಹೈದರಾಬಾದ್
15-2-2001, ಗುರುವಾರ

ಪ್ರೀತಿಯ ಅಹಲ್ಯಾ,

ಹೆಂಗಿದ್ದೀ? ಸೊಂಟನೋವು ಕಡಿಮಿ ಆತೇನು? ಅವ್ವಾರು ಕಿವಿಗೆ ಹತ್ತಿ ಇಟ್ಕೋ ಅಂದರ ಇಟ್ಕೋ, ಹಟ ಮಾಡಬ್ಯಾಡ. ಮಗಳು ಹುಟ್ಟಿ ಒಂಬತ್ತು ದಿನ ಆತು, ಮುಖ ಹೆಂಗೈತಂತ ನನಗಿನ್ನೂ ಗೊತ್ತಿಲ್ಲ. ಮೂಗು ನಂದೇ ಅಂತ ಹೇಳಿ ನಿನ್ನ ತಮ್ಮ ಫೋನಿನಾಗ ನಕ್ಕ. ನನ್ನ ಮೂಗಿಗೇನಾಗೈತಿ?

ನಾನು ಆರಾಮ ಅಂತ ಬರೀಬೇಕು, ಆದರ ಇಲ್ಲ. ನೀ ಇಲ್ಲದ ಮನಿ ಬಿಕೋ ಅಂತೈತಿ. ಹಗಲೆಲ್ಲ ತೆಲುಗು, ಹಿಂದಿ. ಸಂಜಿಗೆ ಕನ್ನಡದಾಗ ಬೈಯಾಕ ಕುಕ್ಕರ್ ಒಂದೇ ಉಳದೈತಿ.

ಫೋನಿನಾಗ ಹೇಳಾಕ ಬಾಯಿ ಬರಲಿಲ್ಲ, ಅದಕ್ಕ ಬರೀತೀನಿ. ಊರ ತುಂಬ ಕಂಪ್ಯೂಟರ್ ಕಂಪನಿ ಕಟ್ಟಡ ಏಳಾಕತ್ತಾವಲ್ಲ, ಅವುಗಳ ನೆಲಮಾಳಿಗ್ಯಾಗ ಜನರೇಟರ್, ಡೀಸೆಲ್ ಇರ್ತಾವು. ಅಲ್ಲಿ ಬೆಂಕಿ ಬಿದ್ದರ ಮಂಜಿನಂಥ ಸಣ್ಣ ಹನಿ ಚಿಮ್ಮಿಸಿ ಆರಿಸಬೇಕು. ನೀರಿಗೆ ಪೊಟ್ಯಾಷ್ ಉಪ್ಪು ಕರಗಿಸಿದರ ಬೆಂಕಿ ಇನ್ನೂ ಲಗೂನ ಆರತೈತೇನು ಅಂತ ನಮ್ಮ ಪರೀಕ್ಷೆ. ನೀರಿನ ಟಾಕಿಗೆ ಉಪ್ಪು ಸುರಿದು ಕಾಲು ತಾಸು ಕೋಲಿನಿಂದ ಕಲಕೋದು ನನ್ನ ಕೆಲಸ. ಅವತ್ತು ಮಂಗಳವಾರ ಉಪ್ಪು ಸುರಿದೆ, ಅಷ್ಟರಾಗ ಫೋನ್ ಬಂತು, ಹೆಣ್ಣು ಹುಟ್ಟೈತಿ ಅಂತ. ಎಲ್ಲಾರಿಗೂ ಪೇಢೆ ಹಂಚಿ, ಕುಣಕೋತ ಬಂದು ನಳ ತಿರುವಿದೆ. ಬೆಂಕಿ ಆರಾಕ ಬರೇ ನೀರಿಗೆ ಎಷ್ಟು ಹೊತ್ತು ಹಿಡಿದಿತ್ತೋ ಅಷ್ಟೇ ಹೊತ್ತು ಹಿಡೀತು. ನಮ್ಮ ಸಾಹೇಬರು ಹನುಮಂತರಾಯರು ಉಪ್ಪು ದಂಡ ಅಂತ ಬರೆದರು. ಪರೀಕ್ಷೆ ಮುಗೀತು, ಭಾನುವಾರದ ತೊಟ್ಟಿಲಕ್ಕ ಹೋಗಿ ಬಾ ಅಂತ ರಜಾನೂ ಕೊಟ್ಟರು.

ನಿನ್ನೆ ಟಾಕಿ ತೊಳಿಯಾಕ ಕೈ ಹಾಕಿದೆ. ತಳದ ನೀರು ಸಾಬೂನಿನಂಗ ಜಾರ್ತಿತ್ತು, ಮ್ಯಾಲಿನ ನೀರು ಜಾರಲಿಲ್ಲ. ಕಲಕೋದನ್ನ ಮರತಿದ್ದೆ. ನಳ ಇರೋದು ತಳದಿಂದ ಗೇಣು ಮ್ಯಾಲೆ; ಉಪ್ಪೆಲ್ಲ ತಳದಾಗ ಉಳಿದು, ಬೆಂಕಿಗೆ ಬರೇ ನೀರು ಬಿದ್ದಿತ್ತು.

ಯಾರೂ ನೋಡಿಲ್ಲ. ಸುಮ್ಮನಿದ್ದರ ಭಾನುವಾರ ಗದಗಿನಾಗ ಮಗಳನ್ನ ಎತ್ಕೊಂಡಿರ್ತೀನಿ. ಆದರ ಆ ಜನರೇಟರ್ ಪಕ್ಕ ದಿನಾ ಕೂಡೋ ಮನುಷ್ಯಾಗೂ ಮಕ್ಕಳಿರ್ತಾವು. ನಿನ್ನೆಯಿಂದ ಊಟ ಸೇರವಲ್ದು.

ಮಾವನವರಿಗೆ, ಅವ್ವಾರಿಗೆ ಶರಣು. ಕೂಸಿನ ಅಂಗಾಲಿಗೆ ನನ್ನ ಪರವಾಗಿ ಒಂದು ಮುತ್ತು.

ನಿನ್ನ
ರಾಮದಾಸ

ತಾ.ಕ.: ಲಕೋಟೆ ಅಂಟಿಸೋ ಮುಂಚೆ ಹೋಗಿ ಸಾಹೇಬರ ಮುಂದ ಹೇಳಿಬಿಟ್ಟೆ. ಕೋಲು ಎಲ್ಲಿಟ್ಟೀ ಅಂತಷ್ಟೇ ಕೇಳಿದರು. ಪರೀಕ್ಷೆ ಮೊದಲಿಂದ, ರಜಾ ಇಲ್ಲ. ತೊಟ್ಟಿಲು ಮುಂದೂಡಬ್ಯಾಡ್ರಿ, ಹೆಸರು ಸಿಂಚನಾ ಅಂತ ಇಡ್ರಿ. ಕೊರಿಯರ್ ಶನಿವಾರ ಮುಟ್ಟತೈತಿ. ಭಾನುವಾರ ಹನ್ನೊಂದಕ್ಕ ಫೋನ್ ಮಾಡ್ತೀನಿ. ಬೈಯೋದು ಆಮ್ಯಾಲೆ ಬೈ, ಮೊದಲು ರಿಸೀವರ್ ಕೂಸಿನ ಬಾಯಿ ಹತ್ರ ಹಿಡಿ. ಅತ್ತರೂ ನಡೀತೈತಿ.