ಬಾವಿಗೆ ಹೋಗುವ ದಾರಿ

ದೊಡ್ಡಬಳ್ಳಾಪುರ, ೧೯೪೬

ಸಾಕ್ಷಿದಾರರೇ, ಸಹಿದಾರರೇ, ಸ್ಟಾಂಪು ಕಾಗದದ ನೆತ್ತಿಯ ಮೇಲೆ ಕುಳಿತ ದೊರೆಗಳೇ! ಕ್ರಯಪತ್ರ, ವಿಭಾಗಪತ್ರ ಬರೆದು ಬದುಕುವ ನಮ್ಮ ಮನೆತನದಲ್ಲಿ ಇಂದು ನಡೆದ ಅಪಚಾರವೊಂದನ್ನು ಸಭೆಯ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಇಲ್ಲೇ ಮಧುರೆ ಹಳ್ಳಿಯ ಮುತ್ಯಾಲಮ್ಮನೂ ಆಕೆಯ ಮೈದುನ ಪಿಳ್ಳಪ್ಪನೂ ಹೊಲ ಪಾಲು ಮಾಡಿಕೊಳ್ಳಲು ಬಂದಿದ್ದರು. ಬಾವಿ ಮಾತ್ರ ಇಬ್ಬರಿಗೂ ಸೇರಿದ್ದು. ನಮ್ಮ ತಂದೆಯವರಾಗಿದ್ದರೆ 'ನಿಧಿ ನಿಕ್ಷೇಪ ಜಲ ಪಾಷಾಣ' ಎಂದು ಶುರುಮಾಡಿ ಎರಡು ಪುಟಕ್ಕೆ ಒಂದೇ ವಾಕ್ಯ ಹೊಸೆಯುತ್ತಿದ್ದರು. ಎಳೆದಷ್ಟೂ ವಾಕ್ಯ, ತಿಳಿದಷ್ಟೇ ಭಾಗ್ಯ! ನಾನು ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಬರೆದು, ಕೆಳಗೆ ಹೊಲದ ನಕ್ಷೆಯನ್ನೂ ಎಳೆದೆ. ಪಿಳ್ಳಪ್ಪನ ಪಾಲಿನ ಮೂಲೆಯಲ್ಲಿ ದುಂಡಗೆ ಬಾವಿ.

ಓದಿ ಹೇಳುವಾಗ ಮುತ್ಯಾಲಮ್ಮ ಎಲ್ಲರಂತೆ ಸಾಲುಸಾಲಿಗೂ 'ಹೂಂ' ಅಂದಳು. ಹೆಬ್ಬೆಟ್ಟಿಗೆ ಮಸಿ ಹಚ್ಚಿದ ಮೇಲೆ ನಕ್ಷೆಯ ಕಡೆ ಬಗ್ಗಿದಳು.

"ಇದು ನನ್ ಹೊಲ, ಅದು ಬಾವಿ. ನೀರಿಗೆ ನಾನ್ ಯಾವ್ ಕಡೆಯಿಂದ ಹೋಗ್ಲಿ ಸ್ವಾಮಿ?"

"ಹಾರ್ಕೊಂಡ್ ಹೋಗು ಅತ್ಗೆ," ಎಂದು ಪಿಳ್ಳಪ್ಪ ನಕ್ಕ.

"ರೆಕ್ಕೇನೂ ನಿನ್ ಪಾಲಿಗೇ ಬರಸ್ಕೊಂಡಿದ್ದೀಯಲ್ಲೋ!"

ಆ ಭರದಲ್ಲಿ ಅವಳ ಹೆಬ್ಬೆಟ್ಟು ಜಾರಿ, ಹೊಲದಿಂದ ಬಾವಿಯವರೆಗೆ ಕರೀ ಗೆರೆ ಬಿತ್ತು. ಸಾಕ್ಷಿಗೆ ಬಂದವರೆಲ್ಲ ನಕ್ಕರು. ಪಿಳ್ಳಪ್ಪ ತಲೆ ಕೆರೆದುಕೊಂಡು ಒಪ್ಪಿದ. ಗೆರೆಯ ಪಕ್ಕ 'ಇಬ್ಬರಿಗೂ ದಾರಿ' ಎಂದು ಬರೆದು ಎಲ್ಲರ ಸಹಿ ಹಾಕಿಸಿದೆ.

ಸಭೆಯೂ ಇಲ್ಲ, ಸಭಿಕರೂ ಇಲ್ಲ, ಅಪ್ಪ. ನೀವಿದ್ದಾಗ, "ಬೊಂಬೆ ಬರೆಯೋಕೆ ಬಿ.ಎ. ಯಾಕೋ?" ಎನ್ನುತ್ತಿದ್ದಿರಿ. ನಕ್ಷೆಯ ಕರಡನ್ನು ನೀವು ನನ್ನ ಬರಹ ತಿದ್ದುತ್ತಿದ್ದ ಕೆಂಪು ಮಸಿಯ ಪಕ್ಕದಲ್ಲಿಟ್ಟು, ಬೈಸಿಕೊಳ್ಳಲು ಕೂತಿದ್ದೇನೆ.